ಕಾಲ ಕೆಟ್ಟಿದೆಯೇ?

‘ಕಾಲ ಕೆಟ್ಟಿತು’ ಎಂಬ ಮಾತನ್ನು ನಾವೆಲ್ಲರೂ ಹಿರಿಯರ ಬಾಯಿಂದ ಕೇಳಿದ್ದೇವೆ. ಕೊಲೆ ಸುಲಿಗೆಗಳ ವಾರ್ತೆಯಿಲ್ಲದ ವೃತ್ತಪತ್ರಿಕೆಯೂ ಅಪರೂಪವೇ. ಆದರೆ ಒಂದು ದಿನದ ವಾರ್ತೆಯಿಂದ ಕಾಲದ ಗತಿಯನ್ನು ಅಳೆಯಲಾಗದು. ಆದುದರಿಂದ ವಿದ್ಯಾರ್ಥಿಮಿತ್ರರೊಡನೆ ಈ ವಿಷಯವನ್ನು ತುಸು ವಿಚಾರ ಮಾಡಬಯಸುತ್ತೇವೆ.

ಮೊದಲು ಅಪರಾಧದ ಲೆಕ್ಕ. ಕಳವು, ಮೋಸಗಳಲ್ಲಿ ಎಷ್ಟೋ ಪೋಲೀಸರವರೆಗೆ ಹೋಗುವುದೇ ಇಲ್ಲ. ದೂರು ಕೊಡುವವರು ಹೆಚ್ಚಿದರೆ ಅಂಕಿಯೂ ಹೆಚ್ಚುತ್ತದೆ. ಕೊಲೆಯನ್ನು ಮುಚ್ಚಿಡುವುದು ಮಾತ್ರ ಕಠಿಣ. ಅದಕ್ಕಾಗಿಯೇ ವಿದ್ವಾಂಸರು ಅದನ್ನು ಅಳತೆಗೋಲಾಗಿ ಹಿಡಿಯುತ್ತಾರೆ. ಹಳೆಯ ನ್ಯಾಯಾಲಯಗಳ ದಾಖಲೆಗಳನ್ನು ಶೋಧಿಸಿದ ಇತಿಹಾಸಕಾರರ ಅಂದಾಜಿನಂತೆ, 14ನೆಯ ಶತಮಾನದ ಇಂಗ್ಲೆಂಡಿನಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 20 ಮಂದಿ ಕೊಲೆಯಾಗುತ್ತಿದ್ದರು. ಇಂದು ಸುಮಾರು ಒಬ್ಬರು. ನಮ್ಮ ದೇಶದಲ್ಲಿ ಈ ಪ್ರಮಾಣವು 1992ರಲ್ಲಿ ನಾಲ್ಕೂವರೆಯಷ್ಟಿದ್ದು, 2022ರಲ್ಲಿ ಎರಡರ ಆಸುಪಾಸಿಗೆ ಇಳಿದಿತ್ತು. ಈ ಒಂದು ಅಳತೆಯಿಂದ ನೋಡಿದರೆ ಕಾಲ ಕೆಟ್ಟಿಲ್ಲ.

ಮಾದಕ ದ್ರವ್ಯಗಳ ಕಥೆ ಇಷ್ಟು ಸಮಾಧಾನಕರವಾದುದಲ್ಲ. ಇವು ಹೊಸವೇನೂ ಅಲ್ಲ. 19ನೆಯ ಶತಮಾನದಲ್ಲಿ ಮಾಳವದ ಅಫೀಮು ನಮ್ಮ ಈ ಮುಂಬಯಿ ಬಂದರಿನಿಂದಲೇ ಚೀನಾಕ್ಕೆ ಹೋಗುತ್ತಿತ್ತು. ಅಂದಿನ ಸರಕಾರವೇ ಅದರ ಮೇಲೆ ಸುಂಕ ಪಡೆಯುತ್ತಿತ್ತು. ಇಲ್ಲಿನ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಹಸುಗೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದ ಸಂಗತಿ 1920ರ ದಶಕದ ವರದಿಗಳಲ್ಲಿದೆ. ಬಡತನವೇ ಆ ಗುಳಿಗೆಯನ್ನು ಅವರ ಕೈಗೆ ಕೊಟ್ಟಿತ್ತು.

ಬದಲಾದುದು ಪದಾರ್ಥದ ಉಗ್ರತೆ. ಅಫೀಮಿನಿಂದ ಮಾರ್ಫೀನ್, ಮಾರ್ಫೀನಿನಿಂದ ಹೆರಾಯಿನ್ ಹುಟ್ಟಿತು. 1898ರಲ್ಲಿ ಜರ್ಮನಿಯ ಕಂಪನಿಯೊಂದು ಇದನ್ನು ಕೆಮ್ಮಿನ ಔಷಧವೆಂದು ಮಾರಾಟಕ್ಕೆ ತಂದಿತು! 1980ರ ದಶಕದಲ್ಲಿ ಇದೇ ವಸ್ತು ‘ಬ್ರೌನ್ ಶುಗರ್’ ಎಂಬ ಹೆಸರಿನಿಂದ ಮುಂಬಯಿಯ ಗಲ್ಲಿಗಳನ್ನು ಹೊಕ್ಕಿತು. 1985ರಲ್ಲಿ ಕಠಿಣ ಕಾನೂನು ಬಂದಿತು. ಆದರೂ 2004ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೆರಾಯಿನ್ನಿಗಿಂತ ಮುಂದಿದ್ದ ಅಫೀಮನ್ನು 2019ರ ಸಮೀಕ್ಷೆಯಲ್ಲಿ ಹೆರಾಯಿನ್ನೇ ಹಿಂದಿಕ್ಕಿತು.

ತಿಂದ ಅಫೀಮು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಹೆರಾಯಿನ್ನಿನ ಹೊಗೆಯಾದರೋ ಕ್ಷಣಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ದೇಹವು ಒಗ್ಗಿದಂತೆಲ್ಲ ಮೊದಲಿನ ಪ್ರಮಾಣ ಸಾಲದು. ಬಿಟ್ಟರೆ ಮೈನೋವು, ವಾಂತಿ, ನಿದ್ರಾನಾಶ. ಆಗ ಮೊದಲು ಮನೆಯ ಪಾತ್ರೆಗಳು ಮಾರಿಹೋಗುತ್ತವೆ, ಬಳಿಕ ನೆರೆಯವರ ಜೇಬಿಗೆ ಕೈ ಹೋಗುತ್ತದೆ. ಎಷ್ಟೋ ವ್ಯಸನಿಗಳು ಅಪರಾಧಕ್ಕೆ ಇಳಿಯುವುದು ಈ ದಾರಿಯಿಂದ.

ವಿದ್ಯಾರ್ಥಿಗಳೇ, ಊರು ಬಿಟ್ಟು ಬಂದ ನಮಗೆ ಇಲ್ಲಿ ಅಜ್ಜ ಅಜ್ಜಿಯರ ಕಾವಲಿಲ್ಲ, ಸಂಗಡಿಗರೇ ಬಂಧುಗಳು. ‘ಒಮ್ಮೆ ರುಚಿ ನೋಡು’ ಎಂಬ ಕರೆ ಬರುವುದೂ ಹೆಚ್ಚಾಗಿ ಸಂಗಡಿಗನಿಂದಲೇ. ಅದನ್ನು ಧೈರ್ಯದಿಂದ ನಿರಾಕರಿಸಿರಿ. ಈಗಾಗಲೇ ಸಿಕ್ಕಿಬಿದ್ದ ಗೆಳೆಯನಿದ್ದರೆ ಅವನನ್ನು ಹಳಿಯಬೇಡಿರಿ. ಅವನು ರೋಗಿ, ಅವನಿಗೆ ಚಿಕಿತ್ಸೆಯುಂಟು. ಸರಕಾರದ 14446 ಸಂಖ್ಯೆಗೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಗುರುಗಳಿಗಾದರೂ ತಿಳಿಸಿರಿ, ಅದನ್ನು ಚಾಡಿಯೆಂದು ನಾವು ಎಂದೂ ಭಾವಿಸುವುದಿಲ್ಲ.