ದೋಣಿಯ ಇಂಧನ ಟ್ಯಾಂಕು: ಪೀಠವನ್ನು ಮರೆತ ದುರಸ್ತಿ ಅರ್ಧ ದುರಸ್ತಿ

ರಾಜ್ಯದ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ, ಮಂಗಳೂರು, ಗಂಗೊಳ್ಳಿ ಬಂದರುಗಳಲ್ಲಿ ದೋಣಿಗಳ ದೊಡ್ಡ ದುರಸ್ತಿಗೆ ಒದಗುವ ಬಿಡುವು ಇದೇ. ಎಂಜಿನ್, ಬಲೆ, ಬಣ್ಣಗಳತ್ತ ಮಾಲೀಕರ ಗಮನ ಸಹಜವಾಗಿ ಹರಿಯುತ್ತದೆ. ಒಡಲಿನ ಕತ್ತಲೆಯಲ್ಲಿ ಕುಳಿತ ಡೀಸೆಲ್ ಟ್ಯಾಂಕಿನ ನೆನಪಾಗುವುದು ಮಾತ್ರ ಅದು ಸೋರತೊಡಗಿದ ಬಳಿಕ. ಮೀನುಗಾರಿಕೆಯ ನಡುವೆ ಹೀಗಾದರೆ ದೋಣಿ ದಡದಲ್ಲಿ ನಿಂತ ದಿನಗಳ ನಷ್ಟವು ಟ್ಯಾಂಕಿನ ಬೆಲೆಯನ್ನೇ ಮೀರಿಸಬಹುದು.

ಟ್ಯಾಂಕು ಕೆಡುವುದು ಸಾಮಾನ್ಯವಾಗಿ ತಳದಿಂದ. ಅರ್ಧ ತುಂಬಿದ ಟ್ಯಾಂಕಿನೊಳಗಿನ ಗಾಳಿಯ ತೇವವು ಹನಿಗಟ್ಟಿ, ಡೀಸೆಲಿಗಿಂತ ಭಾರವಾದ ನೀರಾಗಿ ಅಡಿಯಲ್ಲಿ ಸಂಗ್ರಹವಾಗುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಹವನ್ನು ಒಳಗಿನಿಂದ ತಿನ್ನುತ್ತವೆ. ಆದರೆ ಹೊರಗಿನ ಹಾನಿ ಇದಕ್ಕಿಂತ ಕಡಿಮೆಯೇನಲ್ಲ. ಟ್ಯಾಂಕನ್ನು ಬರಿಯ ಮರದ ತೊಲೆಯ ಮೇಲೋ, ಗೋಣಿ ಅಥವಾ ಸ್ಪಂಜಿನ ಮೇಲೋ ಕೂರಿಸಿದ್ದರೆ ಉಪ್ಪುನೀರು ಆ ಸಂದಿನಲ್ಲಿ ನಿಂತುಬಿಡುತ್ತದೆ. ಉಳಿದ ತಗಡು ಹೊಸದರಂತಿದ್ದರೂ ಪೀಠ ತಾಗಿದ ಗೆರೆಯುದ್ದಕ್ಕೂ ತೂತುಗಳು ಬಿದ್ದಿರುತ್ತವೆ. ಹಳೆಯ ಪೀಠದ ಮೇಲೆ ಹೊಸ ಟ್ಯಾಂಕು ಇಡುವುದೆಂದರೆ ಅದೇ ರೋಗವನ್ನು ಹೊಸ ಲೋಹಕ್ಕೆ ಅಂಟಿಸಿದಂತೆ.

ಭಾರದ ಲೆಕ್ಕವನ್ನೂ ನೋಡಬೇಕು. 1000 ಲೀಟರ್ ಡೀಸೆಲ್ ಸುಮಾರು 830 ಕಿಲೋ ತೂಗುತ್ತದೆ. ದೋಣಿ ಅಲೆಯಿಂದ ಅಲೆಗೆ ಬೀಳುವಾಗ ಪೀಠದ ಮೇಲಿನ ಹೊರೆ ಇದಕ್ಕಿಂತ ಎಷ್ಟೋ ಹೆಚ್ಚು. ಆದುದರಿಂದ ಆಧಾರದ ಪಟ್ಟಿಗಳು ಟ್ಯಾಂಕಿನ ಒಳಗಿನ ಅಡ್ಡತಗಡುಗಳ ನೇರಕ್ಕೇ ಬರಬೇಕು. ಇಲ್ಲವಾದಲ್ಲಿ ತಳದ ತಗಡು ಬಾಗಿ ಬಾಗಿ ಬೆಸುಗೆಯ ಬಳಿ ಬಿರುಕು ಬಿಡುತ್ತದೆ. ಪಟ್ಟಿ ಮತ್ತು ಟ್ಯಾಂಕಿನ ನಡುವೆ ನೀರು ಹೀರದ ನಿಯೋಪ್ರೀನ್ ರಬ್ಬರನ್ನು ಸಂದಿಲ್ಲದಂತೆ ಅಂಟಿಸಬೇಕು. ಅಡಿಯಲ್ಲಿ ಗಾಳಿಯಾಡಲು ಜಾಗ, ನೀರು ಹರಿದುಹೋಗಲು ಕಂಡಿ ಇರಲೇಬೇಕು. ಉಕ್ಕಿನ ದೋಣಿಯಲ್ಲಿ ಪೀಠವನ್ನು ಹೊರಕವಚಕ್ಕಷ್ಟೇ ಬೆಸೆಯದೆ ಪಕ್ಕೆಲುಬುಗಳಿಗೆ ಬೆಸೆಯುವುದು ಕ್ಷೇಮಕರ.

ಕಡಲಿನಿಂದ ದೂರದ ಉದ್ದಿಮೆದಾರರಿಗೂ ಈ ಮಾತು ಹೊರತಲ್ಲ. ಗುಂಡ್ಲುಪೇಟೆಯ ಮೂಲಕ ಊಟಿ, ವಯನಾಡುಗಳತ್ತ ಸಾಗುವ ಲಾರಿಯ ಡೀಸೆಲ್ ಟ್ಯಾಂಕಿನ ಬಿಗಿಪಟ್ಟಿಯ ಅಡಿಯ ರಬ್ಬರು ಸವೆದರೆ, ಭೀಮನಬೀಡಿನ ಜನರೇಟರಿನ ಟ್ಯಾಂಕಿನ ಕೆಳಗೆ ಮಳೆನೀರು ನಿಂತರೆ, ತುಕ್ಕು ಹಿಡಿಯುವ ಬಗೆ ಒಂದೇ. ಉಪ್ಪಿಲ್ಲದ ಕಾರಣ ತುಸು ನಿಧಾನ, ಅಷ್ಟೇ.

ಲೋಹದ ಆಯ್ಕೆಯಲ್ಲಿ ಅಗ್ಗದ ಮೋಹ ಬೇಡ. ಸತು ಲೇಪಿಸಿದ ತಗಡು ತುಕ್ಕು ಹಿಡಿಯದೆಂಬ ನಂಬಿಕೆ ಡೀಸೆಲ್ ವಿಷಯದಲ್ಲಿ ಸಲ್ಲದು: ಸತುವು ಡೀಸೆಲಿನೊಡನೆ ವರ್ತಿಸಿ ಉಂಟಾಗುವ ಅಂಟು ಇಂಜೆಕ್ಟರುಗಳನ್ನು ಕಟ್ಟಿಸುತ್ತದೆ. ಅಲ್ಯೂಮಿನಿಯಂ ಬಳಸುವುದಾದರೆ 5052 ಅಥವಾ 5083 ದರ್ಜೆಯದೇ ಆಗಿರಲಿ. ಅದಕ್ಕೆ ಹಿತ್ತಾಳೆಯ ಕವಾಟವನ್ನು ನೇರವಾಗಿ ಜೋಡಿಸಬಾರದು.

ಅನೇಕ ಹಳೆಯ ದೋಣಿಗಳಲ್ಲಿ ಟ್ಯಾಂಕನ್ನು ಮೊದಲು ಇಳಿಸಿ ಅನಂತರ ಮೇಲ್ಹಾಸು ಕಟ್ಟಿರುತ್ತಾರೆ. ಅದು ಬಾಗಿಲಿನಲ್ಲಿ ಹೊರಬಾರದು. ಇಲ್ಲಿಯೇ ಪ್ರಾಣಾಪಾಯವಿರುವುದು. ಖಾಲಿ ಟ್ಯಾಂಕು ನಿರಪಾಯಕಾರಿಯೆಂದು ಗ್ಯಾಸ್ ಕಟರ್ ಹಿಡಿಯುವವರಿದ್ದಾರೆ; ಗೋಡೆಗೆ ಅಂಟಿದ ಡೀಸೆಲ್ ಕಾದು ಆವಿಯಾಗಿ ಗಾಳಿಯೊಡನೆ ಬೆರೆತರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಬಿಸಿನೀರು, ಮಾರ್ಜಕಗಳಿಂದ ತೊಳೆದು, ಅನಿಲಮಾಪಕದಿಂದ ಪರೀಕ್ಷಿಸುವವರೆಗೆ ಯಾರೂ ಬೆಂಕಿ ತರಕೂಡದು. ತುಕ್ಕು ಹಿಡಿಯುವ ಉಕ್ಕು ಆಮ್ಲಜನಕವನ್ನು ಕಬಳಿಸುವುದರಿಂದ ಮುಚ್ಚಿದ ಟ್ಯಾಂಕಿನೊಳಗೆ ಕೆಲಸಗಾರನನ್ನು ಏಕಾಏಕಿ ಇಳಿಸುವುದೂ ತರವಲ್ಲ.

ಒಂದು ದೊಡ್ಡ ಟ್ಯಾಂಕಿನ ಬದಲು ಬಾಗಿಲಿನಲ್ಲಿ ತೂರುವಂಥ ಎರಡು ಮೂರು ಸಣ್ಣ ಟ್ಯಾಂಕುಗಳನ್ನು ಮಾಡಿಸುವುದು ಜಾಣತನ. ಮುಂದೆ ಮೇಲ್ಹಾಸು ಒಡೆಯಬೇಕಿಲ್ಲ, ಒಂದರ ಇಂಧನ ಕೆಟ್ಟರೂ ಇನ್ನೊಂದರಿಂದ ದಡ ಸೇರಬಹುದು, ಡೀಸೆಲ್ ಅತ್ತಿತ್ತ ತುಳುಕಿ ದೋಣಿ ವಾಲುವುದೂ ತಗ್ಗುತ್ತದೆ. ಎರಡೂ ಬದಿಯ ತೂಕ ಮಾತ್ರ ಸಮವಾಗಿರಬೇಕು. ಬೆಸುಗೆ ಹೆಚ್ಚಾದ್ದರಿಂದ ಖರ್ಚು ಏರುತ್ತದೆಂಬುದು ನಿಜ.

ತಯಾರಕರು ದರಪಟ್ಟಿಯಲ್ಲಿ ಟ್ಯಾಂಕು, ಪೀಠ, ರಬ್ಬರು, ಪರೀಕ್ಷೆ ಇವನ್ನು ಬೇರೆ ಬೇರೆಯಾಗಿ ನಮೂದಿಸಿದರೆ ಕಡಿಮೆ ದರದ ಮರ್ಮ ಗ್ರಾಹಕರಿಗೆ ತಿಳಿಯುತ್ತದೆ. ಪರೀಕ್ಷೆಗೆ ಚದರ ಅಂಗುಲಕ್ಕೆ 3 ಪೌಂಡಿನಷ್ಟು ಗಾಳಿಯ ಒತ್ತಡ ಸಾಕು. ಬೆಸುಗೆಗಳಿಗೆ ಸೋಪಿನ ನೀರು ಸವರಿ ಗುಳ್ಳೆ ನೋಡಬೇಕು. ಇಷ್ಟೇ ಒತ್ತಡವು ಒಂದು ಚದರ ಮೀಟರ್ ತಗಡಿನ ಮೇಲೆ 2 ಟನ್ನಿಗೂ ಮಿಗಿಲಾದ ಬಲವಾಗುವುದರಿಂದ ಕಂಪ್ರೆಸರನ್ನು ನೇರವಾಗಿ ತೆರೆದರೆ ಹೊಸ ಟ್ಯಾಂಕು ಪರೀಕ್ಷೆಯಲ್ಲೇ ಉಬ್ಬಿಹೋಗುತ್ತದೆ. ಈ ಪರೀಕ್ಷೆ ಮುಗಿಯಬೇಕಾದದ್ದು ಕಾರ್ಖಾನೆಯಲ್ಲಿ, ಟ್ಯಾಂಕು ದೋಣಿಗೆ ಇಳಿಯುವ ಮುನ್ನ.