ನಿಮಗಿದು ಗೊತ್ತೆ? ಗುಟ್ಟು ಬಿಟ್ಟುಕೊಡುವ ಪ್ಲಗಿನ್

ವೆಬ್‌ಸೈಟಿಗೆ ಬುಕಿಂಗ್ ಫಾರ್ಮ್, ಫೋಟೊ ಗ್ಯಾಲರಿ, ಹಣ ಪಾವತಿಯಂಥ ಸೌಲಭ್ಯ ಜೋಡಿಸುವ ಸಿದ್ಧ ತಂತ್ರಾಂಶದ ತುಣುಕೇ ಪ್ಲಗಿನ್. ಅದರ ಲೋಪದಿಂದ ಹೆಸರು, ಫೋನ್ ಸಂಖ್ಯೆ, ಗುರುತಿನ ಚೀಟಿಯ ಪ್ರತಿ ಕಂಡವರ ಕೈಗೆ ಸಿಗುವಂತಾದರೆ ಅದು ಸೂಕ್ಷ್ಮ ಮಾಹಿತಿ ಸೋರಿಕೆಯ ದೋಷ. ಇಲ್ಲಿ ಬೀಗ ಒಡೆಯಬೇಕಿಲ್ಲ. ಎಷ್ಟೋ ಸಲ ಕಡತ ಇರುವ ವಿಳಾಸ ಗೊತ್ತಿದ್ದರೆ ಸಾಕು.

ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ತಾಣಗಳನ್ನು ಚುರುಕಾಗಿಸುವ ‘ಲೈಟ್‌ಸ್ಪೀಡ್ ಕ್ಯಾಶ್’ 50 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ಪ್ಲಗಿನ್. ತಪ್ಪು ಹುಡುಕಲೆಂದು ಅದು ಬರೆದಿಡುತ್ತಿದ್ದ ಡಿಬಗ್ ಕಡತದಲ್ಲಿ ಲಾಗಿನ್ ಆದವರನ್ನು ತಾಣಕ್ಕೆ ಗುರುತಿಸಿಕೊಡುವ ಕುಕಿಗಳೂ ಸೇರುತ್ತಿದ್ದವು ಎಂಬುದು 2024ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು. ಕಡತದ ಹೆಸರು, ಜಾಗ ಎರಡೂ ಸುಲಭವಾಗಿ ಊಹಿಸಬಹುದಾದವು. ಕದ್ದ ಕುಕಿಯಿಂದ ಪಾಸ್‌ವರ್ಡ್ ಇಲ್ಲದೆಯೇ ನಿರ್ವಾಹಕರ ಖಾತೆಗೆ ನುಗ್ಗಬಹುದಿತ್ತು. 6.5.0.1 ಆವೃತ್ತಿ ಇದನ್ನು ಸರಿಪಡಿಸಿತು. ಆದರೆ ಹಳೆಯ ಕಡತ ಸರ್ವರ್‌ನಲ್ಲೇ ಉಳಿದಿದ್ದರೆ ಅಪಾಯವೂ ಉಳಿಯುತ್ತದೆ, ಅದನ್ನು ಅಳಿಸಲೇಬೇಕು.

ಸೋರಿದ ಮಾಹಿತಿ ಏನು ಮಾಡಬಲ್ಲದು? 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆ ಬಳಸಿ ಜನರ ಬ್ಯಾಂಕ್ ಖಾತೆಗಳಿಂದ ಹಣ ಎತ್ತಿದ ಪ್ರಕರಣಗಳು ನಡೆದವು. ಅದು ಪ್ಲಗಿನ್‌ನಿಂದಾದದ್ದಲ್ಲ, ಪರಿಣಾಮ ಮಾತ್ರ ಅದೇ.

ಕೊಪ್ಪ, ಶೃಂಗೇರಿ, ಕಡಹಿನಬೈಲು ಕಡೆಯ ಹೋಂಸ್ಟೇಗಳಿಗೂ ಇದು ದೂರದ ಮಾತಲ್ಲ. ಅತಿಥಿಯ ಆಧಾರ್ ಪ್ರತಿಯನ್ನು ವೆಬ್‌ಸೈಟ್ ಮೂಲಕ ಪಡೆದರೆ ಅದು ಸಾರ್ವಜನಿಕ ಅಪ್‌ಲೋಡ್ ಫೋಲ್ಡರಿನಲ್ಲಿ ಕೂರಬಾರದು. ಬಳಸದ ಪ್ಲಗಿನ್ ತೆಗೆದುಹಾಕಿ, ಉಳಿದವನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುವುದು ಮಾಲೀಕರ ಹೊಣೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತಾ ಲೋಪಕ್ಕೆ ₹250 ಕೋಟಿವರೆಗೆ ದಂಡವಿದೆ.