ಗಾಳಿಗೆ ಸಾಕ್ಷಿ ನುಡಿದ ಪ್ರಾಣಿಗಳು

ಸಂಜೆ ಕಗ್ಗದಾಸಪುರದ ಮುಖ್ಯರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಾಗ, ಅಂಚಿನಲ್ಲಿ ಮಲಗಿ ಮೆಲುಕು ಹಾಕುವ ಹಸುವನ್ನು ವಾಚಕರು ಗಮನಿಸಿರಬಹುದು. ಅದರ ಮೂಗೂ ಕಾರಿನ ಹೊಗೆಕೊಳವೆಯೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುತ್ತವೆ. ಗಾಳಿಯಲ್ಲಿ ಯಾವ ಅನಿಲವು ಎಷ್ಟಿದೆಯೆಂಬುದನ್ನು ನಮ್ಮ ಭೌತವಿಜ್ಞಾನದ ಉಪಕರಣಗಳು ಅಳೆಯಬಲ್ಲವು. ಅದು ಒಡಲೊಳಗೆ ಎಲ್ಲಿ, ಏನನ್ನು ಕೆಡಿಸಿತೆಂಬುದನ್ನು ಅವು ಹೇಳಲಾರವು. ಅದನ್ನು ಹೇಳಬಲ್ಲವನು, ಸತ್ತ ಪ್ರಾಣಿಯ ಅಂಗವನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಪಶುರೋಗಶಾಸ್ತ್ರಜ್ಞ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯಲ್ಲಿದ್ದ ಡೊನಾಲ್ಡ್ ಡಂಗ್‌ವರ್ತ್ ಇಂಥವರಲ್ಲೊಬ್ಬರು. ವಾಹನಗಳ ಹೊಗೆಗೆ ಬಿಸಿಲು ತಾಗಿ ನೆಲದ ಬಳಿ ಹುಟ್ಟುವ ಓಝೋನು ಅವರ ಅಧ್ಯಯನದ ಮುಖ್ಯ ವಸ್ತುಗಳಲ್ಲೊಂದು. ಗಂಧಕದ ಡೈಆಕ್ಸೈಡು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಅದರ ಬಹುಭಾಗ ಮೂಗು ಗಂಟಲುಗಳ ತೇವದಲ್ಲಿಯೇ ಸಿಕ್ಕಿಬೀಳುತ್ತದೆ. ಓಝೋನು ಅಷ್ಟಾಗಿ ಕರಗದು. ಕವಲೊಡೆಯುತ್ತ ಕಿರಿದಾಗುವ ಶ್ವಾಸನಾಳಗಳ ತುದಿಗೆ, ಗಾಳಿಗೂಡುಗಳು ಆರಂಭವಾಗುವ ಸಂಧಿಗೆ, ಅದು ಇಳಿದುಬಿಡುತ್ತದೆ. ಪ್ರಯೋಗಶಾಲೆಯ ಇಲಿಯಲ್ಲಿ ಈ ಸಂಧಿಭಾಗವು ಸರಿಯಾಗಿ ಬೆಳೆದಿರುವುದಿಲ್ಲ. ಮನುಷ್ಯನಲ್ಲಿಯೂ ಕೋತಿಯಲ್ಲಿಯೂ ಚೆನ್ನಾಗಿ ಬೆಳೆದಿರುತ್ತದೆ. ಆದ್ದರಿಂದ ಕೋತಿಯೇ ಬೇಕಾಯಿತು. ಉತ್ತರದ ರೀಸಸ್ ಕೋತಿಯೊಡನೆ, ನೆತ್ತಿಯ ಕೂದಲು ಟೋಪಿಯಂತೆ ಹರಡಿರುವ ನಮ್ಮ ದಕ್ಷಿಣದ ಕೋತಿಯೂ ಆ ಪರೀಕ್ಷೆಗಳಲ್ಲಿದ್ದಿತು. ನಮ್ಮ ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ಕದಿಯುವ ಜಾತಿಯೇ ಅದು!

ಡಂಗ್‌ವರ್ತರೂ ಅವರ ಸಹೋದ್ಯೋಗಿಗಳೂ 1977ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಓಝೋನಿನ ಅತಿ ಕಡಿಮೆಯ ಪ್ರಮಾಣವು 50 ಲಕ್ಷ ಭಾಗ ಗಾಳಿಗೆ 1 ಭಾಗ ಮಾತ್ರ. ದಿನಕ್ಕೆ 8 ಗಂಟೆಯಂತೆ 7 ದಿನ ಕೋತಿಗಳು ಅದನ್ನು ಉಸಿರಾಡಿದವು. ಆ ಕಾಲದ ಲಾಸ್ ಏಂಜಲೀಸ್ ನಗರದ ಗಾಳಿಯು ಎಷ್ಟೋ ದಿನ ಈ ಮಟ್ಟವನ್ನು ಮೀರುತ್ತಿದ್ದಿತು. ಗಾಯವು ನಿರೀಕ್ಷಿಸಿದ ಸಂಧಿಯಲ್ಲಿಯೇ ಕಂಡಿತು: ಒಳಪದರದ ತೆಳುವಾದ ಜೀವಕಣಗಳು ಹಾಳಾಗಿ ಅವುಗಳ ಜಾಗದಲ್ಲಿ ದಪ್ಪನೆಯವು ಬೆಳೆದಿದ್ದವು, ಕಸ ತಿಂದು ಶುಚಿಮಾಡುವ ಕಣಗಳು ಗುಂಪುಗೂಡಿದ್ದವು. ಈ ಅರಿವಿಗಾಗಿ ಕೋತಿಗಳು ಪ್ರಾಣ ತೆತ್ತವೆಂಬುದನ್ನು ನಾನು ಮರೆಯಲಾರೆ.

ಪ್ರಾಣಿಯನ್ನು ಕೋಣೆಯಲ್ಲಿ ಕೂಡಿ ಅನಿಲ ಬಿಡುವುದರ ಬದಲು, ಊರ ಗಾಳಿಯೇ ಮಾಡಿದ ಕೆಲಸವನ್ನು ನೋಡಿದ ಉದಾಹರಣೆ ಬೆಂಗಳೂರಿನಲ್ಲಿಯೇ ಉಂಟು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಗೀತಾ ತಿಮ್ಮೇಗೌಡರೂ ಸಂಗಡಿಗರೂ ಪೀಣ್ಯವೇ ಮೊದಲಾದ ತಾಣಗಳಿಂದ 1,800ಕ್ಕೂ ಹೆಚ್ಚು ಹೆಜ್ಜೇನುಗಳನ್ನು ಪರೀಕ್ಷಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಮಾಲಿನ್ಯ ಹೆಚ್ಚಿದ್ದ ತಾಣಗಳಿಂದ ತಂದ ಹುಳುಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು 24 ಗಂಟೆಗಳೊಳಗೆ ಸತ್ತವು. ಅವುಗಳ ಮೈಮೇಲೆ ಸೀಸ, ಆರ್ಸೆನಿಕ್‌ಗಳನ್ನೊಳಗೊಂಡ ಧೂಳಿದ್ದಿತು. ಹೃದಯದ ಬಡಿತ, ರಕ್ತಕಣಗಳ ಸಂಖ್ಯೆ, ಹೂವಿಗೆ ಭೇಟಿಕೊಡುವ ಪರಿ ಇವೆಲ್ಲ ಶುದ್ಧಪ್ರದೇಶದ ಹುಳುಗಳಿಗಿಂತ ಬೇರೆಯಾಗಿದ್ದವು.

ಪೀಣ್ಯದ ಹುಳುಗಳಿಗೆ ಮೇವಿನ ಕೊರತೆಯೋ ಬೇರೆ ರೋಗವೋ ಇದ್ದಿರಬಾರದೇಕೆ? ಈ ಸಂದೇಹ ಸಹಜ. ಅದಕ್ಕಾಗಿ ಪ್ರಯೋಗಶಾಲೆಯಲ್ಲಿಯೇ ಸಾಕಿದ ಹಣ್ಣುನೊಣಗಳನ್ನು ಒಯ್ದು ಅದೇ ತಾಣಗಳ ಗಾಳಿಗೆ ಒಡ್ಡಿದರು. ಅವುಗಳ ದೇಹದಲ್ಲಿಯೂ ಅದೇ ಬಗೆಯ ಬದಲಾವಣೆಗಳು ಕಂಡುಬಂದವು.